ಕೈ ಅಳುಕಲಿಲ್ಲ ಎಂದು ಬರೆಯಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ‘ಬಾಂಬಿನ ಗುಂಡಿ ಒತ್ತುವಾಗ ಈ ವೀರರ ಕೈ ಒಂದು ಕ್ಷಣವೂ ಅಳುಕುವುದಿಲ್ಲ’ ಎಂಬ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಎತ್ತಿ ಹಾಕಿದ್ದಿರಿ. ಅದಕ್ಕೆ ಉತ್ತರವೆಂಬಂತೆ ಮೊನ್ನೆ ಓದುಗರೊಬ್ಬರು ಬರೆದಿದ್ದಾರೆ: ಆಕಾಶದಿಂದ ಕೊಲ್ಲುವವನಿಗೆ ಕೆಳಗಿರುವವರ ಮುಖ ಕಾಣುವುದಿಲ್ಲ, ಹಾಗಾಗಿ ಅವನಿಗೆ ಪಾಪದ ಭಯವೂ ಇರುವುದಿಲ್ಲ ಎಂದು. ಒಬ್ಬರು ಹೊಗಳಿದರು, ಇನ್ನೊಬ್ಬರು ತೆಗಳಿದರು. ಆದರೆ ಇಬ್ಬರೂ ಹೇಳಿದ್ದು ಒಂದೇ ಮಾತು. ಆ ಸೀಟಿನಲ್ಲಿ ಕೂತವನಿಗೆ ಏನೂ ಅನ್ನಿಸುವುದಿಲ್ಲ ಅಂತ. ನಾನು ಆ ಸೀಟಿನಲ್ಲಿ ಕೂತಿದ್ದವನು. ಅದಕ್ಕೇ ಈ ಪತ್ರ. ಉದ್ದವಾಗಿದೆ, ಬಲ್ಲೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ನನ್ನ ನ್ಯಾವಿಗೇಟರ್‌ನ ವಿಷಯ ಮಾತ್ರ ಉಳಿಸಿಕೊಳ್ಳಿ.

ನನಗೀಗ 80. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದೊಡನೆ ಯುದ್ಧ ನಡೆದಾಗ, 26. ನಾನು ಹಾರಿಸುತ್ತಿದ್ದದ್ದು ಕ್ಯಾನ್‌ಬೆರಾ, ಎರಡು ಎಂಜಿನ್ನಿನ ಜೆಟ್ ಬಾಂಬರ್. ನಮ್ಮ ಮಾದರಿಯ ಕ್ಯಾನ್‌ಬೆರಾದಲ್ಲಿ ಇದ್ದವರು ಇಬ್ಬರೇ. ಪೈಲಟ್ ಮೇಲೆ, ಎಡಕ್ಕೆ ಸರಿದಂತಿರುವ ಗಾಜಿನ ಗುಮ್ಮಟದ ಕೆಳಗೆ. ನ್ಯಾವಿಗೇಟರ್ ಕೆಳಗೆ, ಮುಂದೆ, ವಿಮಾನದ ಮೂತಿಯೊಳಗೆ. ಗುರಿ ಹತ್ತಿರವಾದಾಗ ಅವನು ಬೋರಲು ಮಲಗಿ, ಮೂತಿಯ ಗಾಜಿನಿಂದ ಕೆಳಗೆ ನೋಡುತ್ತ ನನಗೆ ದಾರಿ ಹೇಳಬೇಕು. ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಹಾಗೇ ಹಿಡಿ, ಹಾಗೇ ಹಿಡಿ. ಬಾಂಬು ಬಿಡುವ ಗುಂಡಿ ಇದ್ದದ್ದು ಅವನ ಕೈಯಲ್ಲಿ.

ನನ್ನ ಕೈ ಅಳುಕಿತೇ ಎಂಬ ಪ್ರಶ್ನೆಗೆ ನಾನು ಬಹಳ ವರ್ಷ ಇಟ್ಟುಕೊಂಡಿದ್ದ ಉತ್ತರ ಇದೇ: ಗುಂಡಿ ನನ್ನ ಕೈಯಲ್ಲಿ ಇರಲೇ ಇಲ್ಲವಲ್ಲ! ಅವನೂ ತನ್ನಷ್ಟಕ್ಕೆ, ಒತ್ತಿದವನು ನಾನೇ ಸರಿ, ಆದರೆ ಅಲ್ಲಿಗೆ ಒಯ್ದವನು ಪೈಲಟ್ ಅಂದುಕೊಂಡಿದ್ದನೋ ಏನೋ. ಬಾಂಬನ್ನು ವಿಮಾನಕ್ಕೆ ಜೋಡಿಸಿದವನು, ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದವನು, ಆದೇಶಕ್ಕೆ ಸಹಿ ಹಾಕಿದವನು, ಎಲ್ಲರಿಗೂ ಒಂದೊಂದು ಪಾಲು. ಇಷ್ಟು ಜನರಿಗೆ ಹಂಚಿದ ಮೇಲೂ ನನ್ನ ಪಾಲು ಕಡಿಮೆಯಾದದ್ದು ನನಗೆ ಕಾಣಲಿಲ್ಲ.

ಆ ವಿಮಾನದ ಇನ್ನೊಂದು ಸಂಗತಿ ಹೇಳಬೇಕು. ಪೈಲಟ್‌ಗೆ ಎಜೆಕ್ಷನ್ ಸೀಟ್ ಇತ್ತು, ನ್ಯಾವಿಗೇಟರ್‌ಗೆ ಇರಲಿಲ್ಲ. ವಿಮಾನಕ್ಕೆ ಪೆಟ್ಟು ಬಿದ್ದರೆ ನಾನು ತಲೆಯ ಮೇಲಿನ ಹಿಡಿಕೆಯನ್ನು ಮುಖದ ಮುಂದಕ್ಕೆ ಎಳೆದುಕೊಂಡರೆ ಸಾಕು, ಸೀಟು ಸಮೇತ ಹೊರಗೆ ಹೋಗುತ್ತೇನೆ. ಅವನು ಕತ್ತಲಲ್ಲಿ ಬಾಗಿಲ ತನಕ ತೆವಳಿಕೊಂಡು ಹೋಗಿ, ಪ್ಯಾರಾಶೂಟ್ ಸರಿಯಾಗಿದೆಯೇ ನೋಡಿಕೊಂಡು, ತಾನೇ ಹೊರಗೆ ಹಾರಬೇಕು. ಸಾಕಷ್ಟು ಎತ್ತರವಿದ್ದು, ವಿಮಾನ ನೆಟ್ಟಗೆ ಹಾರುತ್ತಿದ್ದರೆ ಒಂದಷ್ಟು ಅವಕಾಶ. ರಾತ್ರಿ, ಕೆಳಮಟ್ಟದಲ್ಲಿ, ಹೊರಳುತ್ತಿರುವ ವಿಮಾನದಲ್ಲಿ ಏನೂ ಇಲ್ಲ. ಅವನು ಬಾಗಿಲು ಮುಟ್ಟುವ ತನಕ ವಿಮಾನವನ್ನು ಸಮವಾಗಿ ಹಿಡಿದಿರಬೇಕಾದವನು ನಾನು. ಇದನ್ನು ಯಾವ ಕಾಗದದ ಮೇಲೂ ಬರೆದುಕೊಟ್ಟಿರಲಿಲ್ಲ. ನಮ್ಮಿಬ್ಬರ ಮಧ್ಯೆ ಒಂದು ಮಾತಿತ್ತು, ನೀನು ಹೋಗದೆ ನಾನು ಹೋಗುವುದಿಲ್ಲ ಅಂತ. ಆ ಮಾತು ಕೊಟ್ಟವನು ನಾನೇ, ನಗುನಗುತ್ತಾ, ಯುದ್ಧಕ್ಕೆ ಎಷ್ಟೋ ಮೊದಲು.

ಅವನ ಕುಟುಂಬ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲೇ ಇತ್ತು. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ನಾಲ್ಕು ವರ್ಷ. ನನ್ನ ಹೆಂಡತಿಗೆ ಆಗ ಏಳು ತಿಂಗಳು. ಕಿಟಕಿಯ ಗಾಜಿಗೆಲ್ಲ ಕರಿಕಾಗದ ಅಂಟಿಸಿ, ಸಂಜೆಯಾಗುತ್ತಲೇ ದೀಪ ಆರಿಸಿ, ಇಬ್ಬರು ಹೆಂಗಸರೂ ಒಂದೇ ಕೋಣೆಯಲ್ಲಿ ಮಕ್ಕಳ ಜೊತೆ ಮಲಗುತ್ತಿದ್ದರು.

ಮೂರನೆಯ ರಾತ್ರಿ ನಮಗೆ ಸಿಕ್ಕಿದ ಗುರಿ ಒಂದು ವಿಮಾನ ನಿಲ್ದಾಣದ ರನ್‌ವೇ. ಕೆಳಗಿನಿಂದ ವಿಮಾನವಿರೋಧಿ ಫಿರಂಗಿಗಳು ಹಾರಿಸುತ್ತಿದ್ದ ಗುಂಡುಗಳು ಕೆಂಪು ಮಣಿಸರದ ಹಾಗೆ ಮೇಲೆ ಬರುತ್ತಿದ್ದವು. ಮೊದಲು ನಿಧಾನವಾಗಿ ಬಂದಂತೆ ಕಾಣುತ್ತವೆ, ಹತ್ತಿರ ಬಂದ ಮೇಲೆ ಒಮ್ಮೆಲೇ ಪಕ್ಕದಿಂದ ಹಾದು ಹೋಗುತ್ತವೆ. ಗುರಿಗೆ ಇನ್ನು ಒಂದು ನಿಮಿಷವೂ ಇಲ್ಲ ಅನ್ನುವಾಗ ವಿಮಾನ ಒಮ್ಮೆ ಕುಲುಕಿತು, ಎಂಜಿನ್‌ಗೆ ಬೆಂಕಿ ಹತ್ತಿದರೆ ಹತ್ತುವ ಕೆಂಪು ದೀಪ ಹತ್ತಿತು. ನನ್ನ ಎಡಗೈ ಥ್ರಾಟಲ್ ಬಿಟ್ಟು ಮೇಲಕ್ಕೆ, ಹಿಡಿಕೆಯ ಕಡೆಗೆ ಹೋಯಿತು. ಕೆಳಗಿನಿಂದ ಅವನ ದನಿ ಹಾಗೇ ಬರುತ್ತಿತ್ತು. ಹಾಗೇ ಹಿಡಿ, ಹಾಗೇ ಹಿಡಿ. ಅವನಿಗೆ ಆ ದೀಪ ಕಾಣದು. ನಾನು ಹೇಳಿರಲೂ ಇಲ್ಲ. ನನಗೆ ಆಗ ಬಂದ ಯೋಚನೆ ದೇಶದ್ದಲ್ಲ, ದೇವರದ್ದಲ್ಲ, ಅವನದ್ದಂತೂ ಅಲ್ಲ. ಹುಟ್ಟಲಿರುವ ಮಗು, ಅಷ್ಟೇ. ಮೂರೋ ನಾಲ್ಕೋ ಸೆಕೆಂಡಿನಲ್ಲಿ ದೀಪ ತಾನಾಗಿ ಆರಿತು. ತಂತಿಯ ದೋಷವಂತೆ, ಮೆಕ್ಯಾನಿಕ್ ಮರುದಿನ ಹೇಳಿದ. ಕೈ ಥ್ರಾಟಲಿಗೆ ಮರಳಿತು. ದೀಪ ಇನ್ನೊಂದು ಐದು ಸೆಕೆಂಡು ಹತ್ತಿಕೊಂಡೇ ಇದ್ದಿದ್ದರೆ ಕೈ ಏನು ಮಾಡುತ್ತಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಬಾಂಬುಗಳು ಹೋದವು. ಒಂದೊಂದೂ 1000 ಪೌಂಡಿನವು. ಅಷ್ಟು ಭಾರ ಕಳಚಿಕೊಂಡಾಗ ವಿಮಾನ ತಾನಾಗಿ ಮೇಲೆದ್ದ ಹಾಗಾಗುತ್ತದೆ, ಅದರೊಂದಿಗೆ ಮೈಯೂ ಹಗುರಾಗುತ್ತದೆ. ಆ ಹಗುರ ಒಂದು ಸುಖ. ಕೆಳಗೆ ಆ ಹೊತ್ತಿಗೆ ಏನಾಗುತ್ತಿದೆ ಎಂದು ಗೊತ್ತಿದ್ದೂ ಮೈ ಸುಖಪಟ್ಟಿತು, ಅದನ್ನು ನಾನು ಮುಚ್ಚಿಡಲಾರೆ. ತಿರುಗಿಸಿಕೊಂಡು ಬರುವಾಗ ಹೆಗಲ ಮೇಲಿಂದ ನೋಡಿದೆ. ಸಾಲಾಗಿ ಬೆಳಕು ಹೊಮ್ಮಿತು, ಒಂದಾದ ಮೇಲೊಂದು. ಕೊನೆಯದು ಸಾಲಿನಿಂದ ಹೊರಗೆ, ದೂರದಲ್ಲಿ, ಏನೂ ಇಲ್ಲದ ಕತ್ತಲಲ್ಲಿ ಹೊಳೆಯಿತು. ಅದು ಕತ್ತಲಾಗಿತ್ತು ಎಂಬುದಷ್ಟೇ ನನಗೆ ಗೊತ್ತು, ಏನೂ ಇರಲಿಲ್ಲ ಎಂಬುದು ನಾನೇ ಸೇರಿಸಿಕೊಂಡ ಮಾತು. ಯುದ್ಧದಲ್ಲಿ ಊರೂ ದೀಪ ಆರಿಸಿಕೊಂಡೇ ಇರುತ್ತದೆ, ನಮ್ಮ ಮನೆಯವರು ಆರಿಸಿಕೊಂಡಿದ್ದಂತೆ.

ಇಳಿದ ಮೇಲೆ ವಿವರ ಬರೆದುಕೊಳ್ಳುವ ಅಧಿಕಾರಿಗೆ ಹೇಳಿದೆ, ಕೊನೆಯ ಬಾಂಬು ಆಚೆ ಬಿದ್ದಿದೆ ಅಂತ. ಎಷ್ಟು ದೂರ ಅಂದರು. ಅಂದಾಜು ಹೇಳಿದೆ. ಬರೆದುಕೊಂಡರು. ಮುಂದಿನ ಪ್ರಶ್ನೆ ಹವಾಮಾನದ್ದು. ಅವರ ತಪ್ಪಲ್ಲ, ಹೊರಗೆ ಇನ್ನೂ ಜನ ಕಾಯುತ್ತಿದ್ದರು. ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು, ಸಿಹಿ ಹಂಚಿದರು. ಆ ಒಂದು ಬೆಳಕಿನ ಕೆಳಗೆ ಹೊಲವಿತ್ತೋ ಮನೆಯಿತ್ತೋ ಎಂದು ನನಗೆ ಹೇಳಬಲ್ಲವರು ಯಾರೂ ಇರಲಿಲ್ಲ.

ನಂಬಿಕೆಯ ವಿಷಯಕ್ಕೆ ಬರುತ್ತೇನೆ. ನಾನು ದೇವರನ್ನು ನಂಬಿದವನು, ಈಗಲೂ. ಹಾರುವ ಮೊದಲು ಕಣ್ಣು ಮುಚ್ಚಿ ಕಾಪಾಡಪ್ಪಾ ಅನ್ನುತ್ತಿದ್ದೆ. ಮೂರನೆಯ ರಾತ್ರಿಯ ಮರುದಿನ ಆ ಮಾತು ಬಾಯಿಂದ ಹೊರಡಲಿಲ್ಲ. ಅಲ್ಲಿ ಕೆಳಗೆ, ಆ ಕತ್ತಲಲ್ಲಿ ಯಾರಾದರೂ ಇದ್ದಿದ್ದರೆ, ನಮ್ಮ ಎಂಜಿನ್ನಿನ ಸದ್ದು ಕೇಳಿ ಅವರೂ ಅದನ್ನೇ ಅಂದಿರುತ್ತಾರೆ. ಇಬ್ಬರ ಮಾತೂ ಒಬ್ಬನಿಗೇ ಹೋಗಿ ಮುಟ್ಟುವುದಾದರೆ ಅವನು ಯಾರದ್ದನ್ನು ಕೇಳಬೇಕು? ಆ ದಿನದಿಂದ ಸುಮ್ಮನೆ ಕಣ್ಣು ಮುಚ್ಚಿ ಕೂತು ಎದ್ದು ಹೋಗುತ್ತಿದ್ದೆ.

ಇಂಥ ಮಾತು ಬಂದಾಗ ಜನ ಅರ್ಜುನನ ಹೆಸರು ಹೇಳುತ್ತಾರೆ. ನಾನು ಆ ಹೋಲಿಕೆಯನ್ನು ಬಹಳ ಯೋಚಿಸಿದ್ದೇನೆ. ಅವನು ತೇರನ್ನು ಎರಡು ಸೇನೆಗಳ ನಡುವೆ ನಿಲ್ಲಿಸಿಕೊಂಡ. ನಿಲ್ಲಿಸಿದ್ದರಿಂದ ನೋಡಲು ಆಯಿತು, ನೋಡಿದ್ದರಿಂದ ಬಿಲ್ಲು ಕೆಳಗಿಟ್ಟ. ಕೇಳಿದ್ದಕ್ಕೆ ಉತ್ತರ ಕೊಡುವವನು ಪಕ್ಕದಲ್ಲೇ ಕುದುರೆಯ ಹಗ್ಗ ಹಿಡಿದು ಕೂತಿದ್ದ. ವಿಮಾನ ನಿಲ್ಲುವುದಿಲ್ಲ. ಮುಖ ಕಾಣುವುದಿಲ್ಲ. ನಿಮ್ಮ ಓದುಗರು ಹೇಳಿದ್ದು ಇಷ್ಟರ ಮಟ್ಟಿಗೆ ನಿಜ. ಆದರೆ ಮುಖ ಕಾಣದಿದ್ದರೆ ಮನಸ್ಸು ತಾನೇ ಮುಖಗಳನ್ನು ಮಾಡಿಕೊಳ್ಳುತ್ತದೆ, ಅವಕ್ಕೆ ಲೆಕ್ಕವಿರುವುದಿಲ್ಲ.

ಕೆಲವರಿಗೆ ಕಂಡದ್ದೂ ಉಂಟು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪದಲ್ಲಿ ಜಾರ್ಜ್ ಜಬೆಲ್ಕಾ ಎಂಬ ಕ್ಯಾಥೊಲಿಕ್ ಪಾದ್ರಿ ಅಮೆರಿಕದ ವಾಯುಪಡೆಯವರ ಜೊತೆಗಿದ್ದರು. ಹಿರೋಶಿಮಾ, ನಾಗಾಸಾಕಿಗೆ ಅಣುಬಾಂಬು ಒಯ್ದ ತಂಡದವರಿಗೂ ಅವರೇ ಪಾದ್ರಿ. ಅಲ್ಲಿನ ಆಸ್ಪತ್ರೆಯಲ್ಲಿ ಮನಸ್ಸು ಕುಸಿದು ಮಲಗಿದ್ದ ಒಬ್ಬ ಯುವಕ ಅವರಿಗೆ ಹೇಳಿದನಂತೆ: ಜಪಾನಿನ ಒಂದು ನಗರದ ಬೀದಿಯ ಮೇಲೆ ತೀರಾ ಕೆಳಗೆ ಹಾರುತ್ತಿದ್ದಾಗ, ಬೀದಿಯ ನಡುವೆ ಒಬ್ಬ ಪುಟ್ಟ ಹುಡುಗ ವಿಮಾನವನ್ನು ಬೆರಗಿನಿಂದ ನೋಡುತ್ತ ನಿಂತಿದ್ದ. ಬೆಂಕಿಬಾಂಬು ಆಗಲೇ ಬಿಟ್ಟಾಗಿತ್ತು. ಜಬೆಲ್ಕಾ ಆ ಯುವಕನಿಗೆ ಸಮಾಧಾನ ಹೇಳಿದರು, ಆದರೆ ನಾಗರಿಕರ ಮೇಲೆ ಬಾಂಬು ಹಾಕುವುದು ತಪ್ಪು ಎಂದು ಯಾರಿಗೂ ಒಮ್ಮೆಯೂ ಹೇಳಲಿಲ್ಲ. ನಾಗಾಸಾಕಿಯ ಬಾಂಬು ಒಯ್ದ ವಿಮಾನದ ಪೈಲಟ್ ಚಾರ್ಲ್ಸ್ ಸ್ವೀನಿಯೂ ಕ್ಯಾಥೊಲಿಕ್ಕನೇ. ಆ ಬಾಂಬಿಗೆ ಬಲಿಯಾದವುಗಳಲ್ಲಿ ಉರಕಾಮಿಯ ದೊಡ್ಡ ಕ್ಯಾಥೊಲಿಕ್ ಚರ್ಚೂ ಒಂದು. ದಶಕಗಳ ನಂತರ ಜಬೆಲ್ಕಾ ತಮ್ಮ ಮೌನವೇ ತಮ್ಮ ಅಪರಾಧವೆಂದು ಸಾರ್ವಜನಿಕವಾಗಿ ಒಪ್ಪಿಕೊಂಡು, ಉಳಿದ ಬದುಕನ್ನು ಯುದ್ಧದ ವಿರುದ್ಧ ಮಾತಾಡುವುದಕ್ಕೆ ಕೊಟ್ಟರು. ಸ್ವೀನಿ ಕೊನೆಯವರೆಗೂ, ಮಾಡಿದ್ದು ಸರಿ ಅಂದರು. ಹಿರೋಶಿಮಾದ ವಿಮಾನಕ್ಕೆ ತನ್ನ ತಾಯಿಯ ಹೆಸರಿಟ್ಟಿದ್ದ ಪಾಲ್ ಟಿಬೆಟ್ಸ್ ಕೂಡ ಹಾಗೇ ಅಂದರು. ನಾನು ಅವರಿಬ್ಬರ ಮಾತನ್ನು ಸುಳ್ಳೆನ್ನುವುದಿಲ್ಲ. ಪ್ರತಿ ಪೈಲಟ್ಟೂ ಕೊರಗಿದ್ದಾನೆ ಎಂಬುದು ನನ್ನ ವಾದವಲ್ಲ. ಕೊರಗಿದವನ ಬಾಯಿ ಮುಚ್ಚಿಸಬೇಡಿ ಅನ್ನುತ್ತಿದ್ದೇನೆ.

ಬಾಯಿ ಮುಚ್ಚಿಸುವ ಕೆಲಸ ಹೇಗೆ ನಡೆಯುತ್ತದೆ ನೋಡಿ. ಅದೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಮಂದಿ. ಸತ್ತವರು 55,573. ಎಲ್ಲರೂ ತಾವಾಗಿ ಮುಂದೆ ಬಂದವರೇ. ಒಂದು ಸರದಿಗೆ 30 ದಾಳಿ. ಹದಿನೈದಕ್ಕೋ ಇಪ್ಪತ್ತಕ್ಕೋ ಒಬ್ಬ ಇನ್ನು ನನ್ನಿಂದಾಗದು ಅಂದರೆ, ಅವನ ಕಡತದ ಮೇಲೆ ‘ಲ್ಯಾಕ್ ಆಫ್ ಮಾರಲ್ ಫೈಬರ್’ ಎಂದು ಬರೆಯುವ ಪದ್ಧತಿಯಿತ್ತು. ನೈತಿಕ ಗಟ್ಟಿತನ ಇಲ್ಲದವನು ಅಂತ. ದಣಿದವನಿಗೂ ಅದೇ, ಹೆದರಿದವನಿಗೂ ಅದೇ, ಕೆಳಗಿನವರನ್ನು ನೆನೆದು ಹಿಂಜರಿದವನಿಗೂ ಅದೇ ಹೆಸರು. ಆಮೇಲೆ ಯಾರು ತಾನೇ ಬಾಯಿ ಬಿಡುತ್ತಾರೆ? ‘ಕೈ ಅಳುಕಲಿಲ್ಲ’ ಎಂಬ ನಿಮ್ಮ ವಾಕ್ಯವನ್ನು ಓದಿದಾಗ ನನಗೆ ಈ ಮೊಹರು ನೆನಪಾಯಿತು. ನೀವು ಪ್ರೀತಿಯಿಂದಲೇ ಬರೆದಿದ್ದೀರಿ, ಆದರೂ.

ಅದೇ ಬಾಂಬರ್ ಕಮಾಂಡಿನ ಲಿಯೊನಾರ್ಡ್ ಚೆಷೈರ್ ಬಗ್ಗೆ ಒಂದೆರಡು ಮಾತು ಹೆಚ್ಚು ಬರೆಯುತ್ತೇನೆ, ನನಗೆ ತುಂಬ ಬೇಕಾದ ಮನುಷ್ಯ. 1944ರ ಫೆಬ್ರವರಿ 8ರ ರಾತ್ರಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಲಿಮೋಜ್ ಪಟ್ಟಣದ ಒಂದು ವಿಮಾನ ಎಂಜಿನ್ ಕಾರ್ಖಾನೆಗೆ ಬಾಂಬು ಹಾಕಬೇಕಿತ್ತು. 12 ಲ್ಯಾಂಕಾಸ್ಟರ್ ವಿಮಾನಗಳು. ಒಳಗೆ ರಾತ್ರಿ ಪಾಳಿಯಲ್ಲಿದ್ದವರು ಫ್ರೆಂಚ್ ಕೆಲಸಗಾರರು, ಹೆಚ್ಚಿನವರು ಹೆಂಗಸರು. ಚೆಷೈರ್ ತನ್ನ ನಾಲ್ಕು ಎಂಜಿನ್ನಿನ ವಿಮಾನವನ್ನು ಕಾರ್ಖಾನೆಯ ಮಾಡಿನ ಮೇಲೆಯೇ ಮೂರು ಸಲ ಹಾರಿಸಿದ, ಏನೂ ಹಾಕದೆ, ಆ ಸದ್ದಿಗೆ ಅವರು ಓಡಲಿ ಅಂತ. ಗುರಿ ತೋರಿಸುವ ಬೆಂಕಿಬಾಂಬುಗಳನ್ನು ಬೀಳಿಸಿದ್ದು ಆಮೇಲೆ.

ಹೊರಗಿನಿಂದ ನೋಡಿದವರಿಗೆ ಇದು ದಯೆಯ ಕತೆ. ಹಾರಿಸಿದವನಿಗೆ ಇದರೊಳಗೆ ಇನ್ನೊಂದು ಕಾಣುತ್ತದೆ. ಒಮ್ಮೆ ಹೋಗಿ ಬಂದರೆ ಕೆಳಗಿನ ಶತ್ರು ಎಚ್ಚರವಾದ. ಎರಡನೆಯ ಸಲಕ್ಕೆ ಅವನಿಗೆ ನಿಮ್ಮ ದಾರಿ ಗೊತ್ತು. ಮೂರನೆಯ ಸಲ ಹೋಗುವಾಗ ನೀವು ಪಣಕ್ಕಿಡುತ್ತಿರುವುದು ನಿಮ್ಮ ಒಂದು ಜೀವವನ್ನಲ್ಲ. ಒಳಗಿರುವ ಅಷ್ಟೂ ಮಂದಿಗೆ ಮನೆಯಿದೆ, ಕಾಯುವವರಿದ್ದಾರೆ. ಗೊತ್ತಿಲ್ಲದ ಹೆಂಗಸರ ಜೀವಕ್ಕಾಗಿ ಗೊತ್ತಿರುವವರ ಜೀವವನ್ನು ಒಡ್ಡುವ ಹಕ್ಕು ಅವನಿಗೆ ಯಾರು ಕೊಟ್ಟರು? ಕರ್ತವ್ಯವೂ ಕೊಡಲಿಲ್ಲ, ಕುಟುಂಬವೂ ಕೊಡುತ್ತಿರಲಿಲ್ಲ. ಅವನಿಗೂ ಆಗ ನನ್ನಷ್ಟೇ ವಯಸ್ಸು, 26. ಅವನು ಮೂರು ಸಲ ಹೋದ. ನಾನಾಗಿದ್ದರೆ ಹೋಗುತ್ತಿದ್ದೆನೇ ಎಂದು ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಒಂದು ಸಲ ಹೋಗುತ್ತಿದ್ದೆ ಅನ್ನಿಸುತ್ತದೆ. ಅವನೇ ಮುಂದೆ ಬ್ರಿಟನ್ನಿನ ಪರವಾಗಿ ನಾಗಾಸಾಕಿಯ ಅಣುಬಾಂಬನ್ನು ಆಕಾಶದಿಂದ ಕಣ್ಣಾರೆ ನೋಡಿದ. 1948ರಲ್ಲಿ, ಎಲ್ಲೂ ಜಾಗವಿಲ್ಲದೆ ಸಾಯುತ್ತಿದ್ದ ಒಬ್ಬ ಮುದುಕನನ್ನು ಮನೆಗೆ ಕರೆತಂದು ತಾನೇ ಶುಶ್ರೂಷೆ ಮಾಡಿದ. ಅದೇ ವರ್ಷ ಕ್ಯಾಥೊಲಿಕ್ ಆದ. ಅಂಗವಿಕಲರಿಗಾಗಿ ಅವನ ಹೆಸರಿನಲ್ಲಿ ನಡೆಯುವ ಮನೆಗಳು ಶುರುವಾದದ್ದು ಅಲ್ಲಿಂದ.

ಫ್ರಾಂಜ್ ಸ್ಟಿಗ್ಲರ್‌ನ ಕತೆ ಎಲ್ಲರ ಮೊಬೈಲಿಗೂ ಬಂದಿರುತ್ತದೆ. 1943ರ ಡಿಸೆಂಬರ್ 20ರಂದು, ಜರ್ಜರಿತವಾಗಿ ಹಾರುತ್ತಿದ್ದ ಅಮೆರಿಕದ ಬಾಂಬರ್ ಒಂದನ್ನು ಹೊಡೆದುರುಳಿಸದೆ, ಪಕ್ಕದಲ್ಲೇ ಹಾರಿ ಸಮುದ್ರದ ತನಕ ಬಿಟ್ಟು ಬಂದ ಜರ್ಮನ್ ಪೈಲಟ್. ಅವನ ಅಣ್ಣನೂ ಪೈಲಟ್ಟಾಗಿದ್ದು 1940ರಲ್ಲೇ ತೀರಿಕೊಂಡಿದ್ದ. ಸೇಡಿಗೆ ಕಾರಣವಿತ್ತು. ಆ ಕತೆಯಲ್ಲಿ ನನ್ನನ್ನು ತಟ್ಟುವುದು ಮುಂದಿನ ಭಾಗ. ಅವನು ಅದನ್ನು ಯಾರಿಗೂ ಹೇಳುವಂತಿರಲಿಲ್ಲ, ಹೇಳಿದ್ದರೆ ಸೈನಿಕ ನ್ಯಾಯಾಲಯ. ಅತ್ತ ಬದುಕಿ ಬಂದ ಚಾರ್ಲಿ ಬ್ರೌನ್‌ಗೂ ಬಾಯಿ ಬಿಡಬೇಡ ಎಂದು ಮೇಲಿನವರು ಹೇಳಿದ್ದರು. ಇಬ್ಬರೂ ಭೇಟಿಯಾದದ್ದು 1990ರಲ್ಲಿ. ಒಳ್ಳೆಯದು ಮಾಡಿದವನೇ ಅಷ್ಟು ವರ್ಷ ಮುಚ್ಚಿಟ್ಟುಕೊಳ್ಳಬೇಕಾದರೆ, ಉಳಿದವರ ಪಾಡೇನು?

ನಮ್ಮಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪ್ರಸಂಗ ಎಲ್ಲರಿಗೂ ಗೊತ್ತು. 1965ರ ಯುದ್ಧದಲ್ಲಿ ಪೈಲಟ್ ಆಗಿದ್ದ ಮಗ ಸೆರೆ ಸಿಕ್ಕಾಗ, ಹಿಂದೆ ತಮ್ಮ ಕೈಕೆಳಗೆ ಕೆಲಸ ಮಾಡಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಬಿಡುಗಡೆಯ ಮಾತಾಡಿದರೂ ಅವರು ಒಪ್ಪಲಿಲ್ಲ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಅಂದರು. ಆ ಮಾತಿಗೆ ನಾನೂ ತಲೆಬಾಗುತ್ತೇನೆ. ಆದರೆ ಅದನ್ನು ವೇದಿಕೆಯ ಮೇಲೆ ಹೇಳುವವರು ಅಲ್ಲಿಗೇ ನಿಲ್ಲಿಸಿ ಚಪ್ಪಾಳೆಗೆ ಕಾಯುತ್ತಾರೆ. ಆ ತಂದೆಗೆ ಅಂದು ರಾತ್ರಿ ನಿದ್ದೆ ಬಂತೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಮನೆಯಲ್ಲೂ ನಾನು ಹೇಳಿರಲಿಲ್ಲ. ಮಗಳು ಹುಟ್ಟಿದಳು, ಬೆಳೆದಳು. ಶಾಲೆಯಲ್ಲಿ ಅಪ್ಪನ ಬಗ್ಗೆ ಬರೆಯಿರಿ ಅಂದಾಗ, ನಮ್ಮಪ್ಪ ಯಾವುದಕ್ಕೂ ಹೆದರುವುದಿಲ್ಲ ಎಂದು ಬರೆದು ತಂದು ತೋರಿಸಿದಳು. ಸಹಿ ಹಾಕಿ ಕಳಿಸಿದೆ. ಅದು ಬಾಂಬಿನ ಗುಂಡಿಗಿಂತ ಭಾರವಾದ ಸಹಿ.

ನ್ಯಾವಿಗೇಟರ್ ತೀರಿಕೊಂಡು ಆರು ವರ್ಷವಾಯಿತು. ಕೊನೆಯವರೆಗೂ ಸ್ನೇಹಿತರಾಗಿಯೇ ಇದ್ದೆವು, ವರ್ಷಕ್ಕೊಮ್ಮೆ ಸೇರುತ್ತಿದ್ದೆವು. ಆ ಹೊರಗೆ ಬಿದ್ದ ಬಾಂಬಿನ ಮಾತನ್ನು ಅವನು ಎತ್ತಲಿಲ್ಲ, ಹಿಡಿಕೆಯ ಮಾತನ್ನು ನಾನು ಎತ್ತಲಿಲ್ಲ. ಅವನ ದೊಡ್ಡ ಮಗಳು ಮುಂದಿನ ತಿಂಗಳು ನನ್ನನ್ನು ನೋಡಲು ಬರುತ್ತಿದ್ದಾಳೆ. ಅಂಕಲ್, ಅಪ್ಪ ಯುದ್ಧದ ಬಗ್ಗೆ ಏನೂ ಹೇಳಲಿಲ್ಲ, ನೀವಾದರೂ ಹೇಳಿ ಅಂದಳು ಫೋನಿನಲ್ಲಿ. ನಿಮ್ಮ ಲೇಖನ ಬಂದದ್ದು ಅದೇ ವಾರ.

ಆದ್ದರಿಂದ ಸಂಪಾದಕರೇ, ನನ್ನದೊಂದು ಕೇಳಿಕೆ. ನಿಮ್ಮ ವರದಿಗಾರರು ಹಳೆಯ ಪೈಲಟ್‌ಗಳ ಹತ್ತಿರ ಹೋದಾಗ ಎಷ್ಟು ದಾಳಿ, ಯಾವ ಪದಕ ಎಂದು ಕೇಳಿ ಎದ್ದು ಬರಬೇಡಿ ಎಂದು ಹೇಳಿ. ಹಿಂತಿರುಗಿ ಬಂದ ಮೇಲೆ ಏನು ಮಾಡಿದಿರಿ, ಯಾರಿಗೆ ಹೇಳಿದಿರಿ ಎಂದು ಕೇಳಲಿ. ಉತ್ತರ ತಕ್ಷಣ ಬರುವುದಿಲ್ಲ, ಕಾಯಲಿ. ಏನೂ ಅನ್ನಿಸಲಿಲ್ಲ ಅಂದರೆ ಅದನ್ನೂ ಹಾಗೇ ಬರೆಯಲಿ. ಆದರೆ ಅವರು ಹೇಳದೆ ಇದ್ದದ್ದನ್ನು ನೀವೇ ದಪ್ಪ ಅಕ್ಷರದಲ್ಲಿ ಹಾಕಬೇಡಿ. ಇವತ್ತು ಹಾರುತ್ತಿರುವ ಹುಡುಗರೂ, ಅವರ ಮನೆಯವರೂ ಅದನ್ನು ಓದುತ್ತಾರೆ. ಓದಿದವನಿಗೆ, ತನಗೊಬ್ಬನಿಗೇ ಹೀಗೆ ಅನ್ನಿಸುತ್ತಿದೆ, ತನ್ನಲ್ಲೇ ಏನೋ ಕೊರತೆಯಿದೆ ಅನ್ನಿಸಿಬಿಡುತ್ತದೆ.

ಈ ಪತ್ರ ಬರೆಯಲು ಕೂತ ದಿನ ಹೆಂಡತಿಗೆ ಮೊದಲು ಹೇಳಿದೆ, ದೀಪದ ವಿಷಯ, ಕೈಯ ವಿಷಯ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ಆ ರಾತ್ರಿಗಳಲ್ಲಿ ಅವರ ಹೆಂಡತಿ ನನ್ನ ಪಕ್ಕದಲ್ಲೇ ಮಲಗಿರುತ್ತಿದ್ದರು. ಇಬ್ಬರೂ ಕೈ ಹಿಡಿದುಕೊಂಡು ದೇವರನ್ನು ಬೇಡುತ್ತಿದ್ದೆವು, ಇಬ್ಬರೂ ವಾಪಸ್ ಬರಲಿ ಅಂತ. ನಾನು ಮನಸ್ಸಿನೊಳಗೆ ಇನ್ನೊಂದು ಬೇಡಿಕೊಳ್ಳುತ್ತಿದ್ದೆ ರೀ. ಒಬ್ಬರೇ ಬರುವುದಾದರೆ ಇವರೇ ಬರಲಿ ಅಂತ.” ಪತ್ರದಲ್ಲಿ ಇದನ್ನೂ ಬರೆಯಲೇ ಎಂದು ಕೇಳಿದೆ. ಬರೆಯಿರಿ, ಆದರೆ ಹುಡುಗಿ ಬಂದಾಗ ಅವಳಿಗೆ ನಾನೇ ಹೇಳುತ್ತೇನೆ ಅಂದಳು.

ಹಾಗಾಗಿ ದಯವಿಟ್ಟು ನಮ್ಮ ಹೆಸರು ಹಾಕಬೇಡಿ. ಸಾಧ್ಯವಾದರೆ ಈ ಪತ್ರವನ್ನು ಅವಳು ಬಂದು ಹೋದ ಮೇಲೆ ಪ್ರಕಟಿಸಿ.

ಇಂತಿ ನಿಮ್ಮ ಓದುಗ,
ವಾಯುಪಡೆಯ ಒಬ್ಬ ನಿವೃತ್ತ ಪೈಲಟ್